ತಾಯಿಯ ಭಾರ ಹೊತ್ತ ಕೂಸು

ಮೊದಲಿಗೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಇದನ್ನು ಹೇಳಬೇಕಾದವಳು ನನ್ನ ಹೆಂಡತಿ ನಾಗವೇಣಿ, ಇಲ್ಲವೇ ಮಂಕಾಳಜ್ಜಿ. ಒಬ್ಬಳಿಗೆ ಪುರುಸೊತ್ತಿಲ್ಲ, ಇನ್ನೊಬ್ಬಳಿಗೆ ಆದದ್ದನ್ನು ಮತ್ತೆ ಮತ್ತೆ ಹೇಳುವುದರಲ್ಲಿ ನಂಬಿಕೆಯಿಲ್ಲ. ಉಳಿದವನು ನಾನು, ಹಗಲು ಮಂಜುಗಡ್ಡೆ ಕಾರ್ಖಾನೆಯಲ್ಲಿ ದುಡಿದು ಸಂಜೆ ತರಗತಿಯಲ್ಲಿ ನಾಲ್ಕಕ್ಷರ ಕಲಿತವನು. ನನ್ನ ಕೈಯಲ್ಲಿ ಇದು ಸರಿಯಾಗಿ ಬರುತ್ತದೆಂಬ ಧೈರ್ಯ ನನಗಿಲ್ಲ. ಆದರೂ ಹೇಳದೆ ಹೋದರೆ ಕೆಲವರ ಋಣ ಹೇಳದೇ ಉಳಿಯುತ್ತದೆ. ಅದಕ್ಕಾಗಿ ಕೂತಿದ್ದೇನೆ. ದೊಡ್ಡವರು ಮನ್ನಿಸಬೇಕು.

ನಮ್ಮ ಊರಿನಲ್ಲಿ ಕಡಲಿಗೆ ಇಳಿಯುವವರು ತಮ್ಮ ಮೈಭಾರವನ್ನು ದಡದಲ್ಲಿ ಯಾರಿಗಾದರೂ ಕೊಟ್ಟೇ ಇಳಿಯುವುದು. ಅಂಗೈ ಮೇಲೆ ಅಂಗೈ ಇಟ್ಟು ‘ಇಟ್ಕೋ’ ಎಂದರೆ ಎದುರಿನವರು ‘ಇಟ್ಕೊಂಡೆ’ ಎನ್ನಬೇಕು, ಅಷ್ಟೇ. ಕೊಟ್ಟವರು ಬೂರುಗದ ಹಲಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮರಳಿನ ಮೇಲೆ ಹೆಜ್ಜೆಯ ಗುರುತೂ ಮೂಡದಂತೆ ನಡೆದು ಹೋಗಿ ಅಲೆ ಏರುತ್ತಾರೆ. ಇಟ್ಟುಕೊಂಡವರು ಎರಡು ಆಳಿನ ಭಾರದಲ್ಲಿ ಮರಳಿಗೆ ನಾಟಿಕೊಂಡಂತೆ ಕೂತುಬಿಡುತ್ತಾರೆ. ಕೊಟ್ಟವರು ಮರಳಿ ಬಂದು ಅಂಗೈ ಮುಟ್ಟಿ ತೆಗೆದುಕೊಳ್ಳುವ ತನಕ ಅವರಿಗೆ ಏಳಲಾಗದು. ಬೇರೆಯವರು ಬಿಡಿಸಲಾರರು, ಇನ್ನೊಬ್ಬರಿಗೆ ದಾಟಿಸಲೂ ಬರುವುದಿಲ್ಲ. ಮೇಲಾಗಿ, ಆ ದಿನ ಒಂದೇ ಕಡೆ ಉಂಡವರ ನಡುವೆ ಮಾತ್ರ ಭಾರ ದಾಟುತ್ತದೆ. ಹಾಗಾಗಿ ಭಾನುವಾರದ ದಿನ ಮನೆಯಲ್ಲಿ ಜಗಳವಾಡಿ ಉಣ್ಣದೆ ಬಂದವರು ಹಲಗೆ ಹಿಡಿದು ದಡದಲ್ಲೇ ಮುಖ ಊದಿಸಿಕೊಂಡು ನಿಂತಿರುತ್ತಾರೆ.

ಭಾರ ಇಟ್ಟುಕೊಂಡವರದ್ದೇ ಒಂದು ಸಂಸಾರ. ಉಬ್ಬರದ ನೀರು ಮುಟ್ಟದ ಒಣಮರಳಿನಲ್ಲಿ ಸಾಲಾಗಿ ಚಾಪೆ ಹಾಸಿ ಕೂತಿರುತ್ತಾರೆ. ಅವರೆಕಾಯಿ ಸುಲಿಯುತ್ತಾರೆ, ಮಲ್ಲಿಗೆ ಕಟ್ಟುತ್ತಾರೆ, ಊರಿನವರೆಲ್ಲರ ಸುದ್ದಿ ಆಡುತ್ತಾರೆ. ಹಮೀದಣ್ಣ ಚಹಾದ ಕೆಟಲು ಹಿಡಿದು ಒಬ್ಬೊಬ್ಬರ ಹತ್ತಿರವೂ ಹೋಗಿ ಬಗ್ಗಿ ಕೊಡುತ್ತಾನೆ. ನಾಯಿ ಬಂದು ಚಪ್ಪಲಿ ಕಚ್ಚಿಕೊಂಡು ಹೋದರೆ ಕೂತಲ್ಲಿಂದಲೇ ಬೈಯಬೇಕು, ಬೇರೆ ಉಪಾಯವಿಲ್ಲ.

ಆ ಸಾಲಿನ ತುದಿಯಲ್ಲಿ ಮಂಕಾಳಜ್ಜಿ ಕೂರುತ್ತಿದ್ದಳು. ಅವಳಿಗೆ ಭಾರ ಕೊಡುವವರು ಯಾರೂ ಇರಲಿಲ್ಲ. ಆದರೂ ಅವಳಷ್ಟು ಭಾರದ ಹೆಂಗಸು ಆ ದಂಡೆಯಲ್ಲಿ ಇನ್ನೊಬ್ಬಳಿರಲಿಲ್ಲ. ವಯಸ್ಸಿನಲ್ಲಿದ್ದಾಗ ಅವಳ ಗಂಡ ಅಂಗೈ ಮೇಲೆ ಅಂಗೈ ಇಟ್ಟು ಹೋದವನು ಮರಳಿ ಬರಲಿಲ್ಲ. ತೆಗೆದುಕೊಳ್ಳಬೇಕಾದವನೇ ಬಾರದಿದ್ದರೆ ಭಾರ ಹೊತ್ತವರಲ್ಲೇ ಉಳಿಯುತ್ತದೆ. ವರ್ಷಾನುಗಟ್ಟಲೆ ಒದ್ದಾಡಿ, ಗೋಡೆ ಹಿಡಿದು, ಕೋಲು ಹಿಡಿದು, ಅದನ್ನು ಹೊತ್ತೇ ನಡೆಯಲು ಕಲಿತಳಂತೆ. ಅಷ್ಟು ಸಣ್ಣ ಮುದುಕಿ ನಡೆದರೆ ಮರಳಿನಲ್ಲಿ ಆನೆ ಹೋದಂತೆ ಗುಳಿ ಬೀಳುತ್ತಿತ್ತು. ನಾಲಿಗೆಯೂ ಅಷ್ಟೇ ಭಾರ. ಅವಳ ಬಾಯಿಗೆ ಬೀಳುವುದೆಂದರೆ ಎಲ್ಲರಿಗೂ ಭಯ.

ನಾನು ಒಳನಾಡಿನವನು, ಕೆಲಸ ಹುಡುಕಿ ಬಂದು ಇಲ್ಲೇ ನಿಂತವನು. ವೇಣಿ ಇಲ್ಲಿಯವಳು. ಮೂರನೇ ಸಾಲಿನ ಅಲೆಯ ನೆತ್ತಿ ಮೇಲೆ ನಿಂತು, ಒಂದು ಕೈಯಲ್ಲಿ ಜಡೆ ಸರಿಮಾಡಿಕೊಳ್ಳುತ್ತ ಬರುವುದನ್ನು ನೋಡಿಯೇ ನಾನು ಮದುವೆಯಾಗಲು ಒಪ್ಪಿದ್ದು. ಒಪ್ಪಿದ್ದು ನಾನಲ್ಲ, ತಾನು, ಎಂದು ಅವಳು ತಿದ್ದುತ್ತಾಳೆ. ಮದುವೆಯಾದ ಮೇಲೆ ನನಗೂ ಹಲಗೆ ಕಲಿಸಿದಳು. ನಿಲ್ಲಲು ಬಂತು, ಆದರೆ ಚೆಂದವಾಗಿ ಬರಲಿಲ್ಲ. ಯಾವಾಗಲೂ ಬೀಳುವವನ ಹಾಗೆಯೇ ನಿಲ್ಲುತ್ತಿದ್ದೆ.

ನಮ್ಮ ಮಗಳು ಪಾರಿ ಹೊಟ್ಟೆಯಲ್ಲಿದ್ದಾಗಿನಿಂದ ವೇಣಿ ಕಡಲಿಗೆ ಇಳಿದಿರಲಿಲ್ಲ. ಹೆತ್ತ ಮೇಲೂ ಇಳಿಯಲಿಲ್ಲ. ಹಾಲೂಡಿಸುವ ತಾಯಂದಿರು ಇಳಿಯುವ ಪದ್ಧತಿ ಇಲ್ಲಿಲ್ಲ, ಹಾಲು ಉಪ್ಪಾಗುತ್ತದೆ ಎನ್ನುತ್ತಾರೆ. ಅವಳು ಅದನ್ನು ನಂಬುತ್ತಿರಲಿಲ್ಲ, ಜಗಳವನ್ನೂ ಆಡುತ್ತಿರಲಿಲ್ಲ. ಗೋಡೆಗೆ ಒರಗಿಸಿಟ್ಟ ಹಲಗೆಯ ಧೂಳು ಒರೆಸುತ್ತಿದ್ದಳು, ಮತ್ತೆ ಅಲ್ಲೇ ಇಡುತ್ತಿದ್ದಳು. ಮಾತು ಕಡಿಮೆಯಾಗಿತ್ತು. ಒಂದು ಸಂಜೆ ನಾನು ತರಗತಿ ಮುಗಿಸಿ ಬಂದಾಗ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಳುತ್ತಿದ್ದಳು. ಯಾಕೆ ಎಂದರೆ, “ಎಂತ ಇಲ್ಲ, ಸುಮ್ನೆ” ಎಂದಳು. ಕಾರಣ ಹೇಳಿದ್ದರೆ ಏನಾದರೂ ಮಾಡಬಹುದಿತ್ತು. ಸುಮ್ಮನೆ ಅಳುವವರಿಗೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಬಹಳ ಯೋಚಿಸಿ, “ಭಾನುವಾರ ಹೋಗೋಣ. ಒಬ್ಬರಾದ ಮೇಲೆ ಒಬ್ಬರು ಇಳಿಯುವಾ. ಒಬ್ಬರು ಕೂಸನ್ನು ನೋಡಿಕೊಳ್ಳುವುದು,” ಎಂದೆ.

“ಭಾರ ಇಟ್ಕೊಂಡವ್ರು ಕೂಸಿನ ಹಿಂದೆ ಓಡ್ಲಿಕ್ಕೆ ಆಗ್ತದಾ?” ಎಂದಳು. ಆದರೆ ಕಣ್ಣೊರೆಸಿಕೊಂಡಳು.

ಅದಕ್ಕೂ ನಾನೊಂದು ಉಪಾಯ ಮಾಡಿದ್ದೆ. ಹಳೆಯ ಪಂಚೆಯೊಂದನ್ನು ಹರಿದು ಪಟ್ಟಿ ಮಾಡಿ, ಒಂದು ತುದಿ ಪಾರಿಯ ಸೊಂಟಕ್ಕೆ, ಇನ್ನೊಂದು ತುದಿ ಕೂತವರ ಕಾಲಿಗೆ. ಆಗಷ್ಟೇ ಅಂಬೆಗಾಲಿಡಲು ಕಲಿತ ಕೂಸು, ಎಲ್ಲಿಗೆ ಹೋದರೂ ಒಂದು ಮಾರು ದೂರ. ಮನೆಯ ಒಳಗೆ ಎಷ್ಟೋ ಸಲ ಕಟ್ಟಿ ಬಿಚ್ಚಿ ನೋಡಿದೆ. ಗಂಟು ಸಡಿಲವೋ ಬಿಗಿಯೋ ಎಂದು ರಾತ್ರಿ ಎದ್ದು ಯೋಚಿಸಿದೆ. ಛತ್ರಿ, ನೀರು, ಬಟ್ಟೆ, ಗಿಲಕಿ ಎಲ್ಲ ಚೀಲಕ್ಕೆ ತುಂಬಿದೆ. ವೇಣಿ ನೋಡಿ, “ಸಮುದ್ರಕ್ಕೆ ಹೋಗುದಾ, ಊರು ಬಿಡುದಾ?” ಎಂದಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು.

ಭಾನುವಾರ ಮೂವರೂ ಹೋದೆವು. ಸಾಲಿನಲ್ಲಿ ಕೂತವರು ವೇಣಿಯ ಕಂಕುಳಲ್ಲಿದ್ದ ಹಲಗೆಯನ್ನೂ ನನ್ನ ಕಂಕುಳಲ್ಲಿದ್ದ ಕೂಸನ್ನೂ ನೋಡಿದರು. ಮಂಕಾಳಜ್ಜಿ ಇರುವಾಗ ಬೇರೆಯವರು ಏನೂ ಹೇಳುವ ಅಗತ್ಯವಿರಲಿಲ್ಲ.

“ಏ ವೇಣೀ, ಮೊಲೆ ಬಿಟ್ಟ ಮೇಲೆ ಹೋದ್ರೆ ಕಡಲು ಎಲ್ಲಿಗಾದ್ರೂ ಓಡಿಹೋಗ್ತದಾ?” ಎಂದಳು. ಆಮೇಲೆ ನನ್ನ ಹೆಗಲ ಮೇಲಿನ ಪಟ್ಟಿ ಅವಳ ಕಣ್ಣಿಗೆ ಬಿತ್ತು. “ಅದೆಂತದಾ ತಮ್ಮಾ? ಆಡು ಕಟ್ಟುಕಾ? ಮಗ್ಗುಲಲ್ಲಿ ಸ್ವಲ್ಪ ಸೊಪ್ಪೂ ಹಾಕು, ಮೇಯ್ಲಿ.”

ಸಾಲಿಗೆ ಸಾಲೇ ನಕ್ಕಿತು. ವೇಣಿಯ ಮುಖ ಕೆಂಪಾಯಿತು. “ಇಲ್ಲಿ ಬೇಡ,” ಎಂದು ಕೆಳಕ್ಕೆ ನಡೆದಳು, ಕಲ್ಲುಬಂಡೆಯ ಹತ್ತಿರ, ಕೂಗಿದರೆ ಮಾತ್ರ ಕೇಳುವಷ್ಟು ದೂರ. ಅಲ್ಲಿ ಮರಳು ಒದ್ದೆಯಿತ್ತು. ಉಬ್ಬರ ಬಂದರೆ ನೀರು ಏರುವ ಜಾಗ ಎಂದು ನನಗೆ ಗೊತ್ತಿತ್ತು. ಹೇಳಿದೆ. “ಈಗ ಇಳಿತ. ನೀರು ತಿರುಗುವಷ್ಟರಲ್ಲಿ ಇಬ್ರದ್ದೂ ಆಗಿರ್ತದೆ. ಪಾರಿಗೂ ತಂಪು,” ಎಂದಳು. ಕಾದ ಮರಳಿನಲ್ಲಿ ಚೀರುತ್ತಿದ್ದ ಪಾರಿ ಒದ್ದೆ ಮರಳು ಮುಟ್ಟಿದ ಕೂಡಲೇ ಸುಮ್ಮನಾದದ್ದೂ ನಿಜ.

ಮೊದಲು ನಾನು ಹೋದೆ, ಅವಳೇ ಕಳಿಸಿದಳು. ಅಂಗೈ ಮೇಲೆ ಅಂಗೈ ಇಟ್ಟು ಭಾರ ಕೊಟ್ಟೆ. ಅವಳು ಪಟ್ಟಿ ಕಟ್ಟಿಕೊಂಡು ಕೂತಳು. ನಾನು ನೀರಿನಲ್ಲಿ ಇದ್ದಷ್ಟು ಹೊತ್ತೂ ದಡವನ್ನೇ ನೋಡುತ್ತಿದ್ದೆ. ಅಲೆಗೆ ಬೆನ್ನು ಹಾಕಿ ದಡ ನೋಡುವವನು ಏನು ಮಾಡಿಯಾನು? ಒಂದು ಸಲ ನಿಂತೆ, ಮೂರು ಸಲ ಬಿದ್ದೆ, ಮೂಗಿನ ತುಂಬ ಉಪ್ಪುನೀರು ತುಂಬಿಕೊಂಡು ಬಂದುಬಿಟ್ಟೆ. “ಇಷ್ಟು ಬೇಗ?” ಎಂದಳು ವೇಣಿ. ಆದರೆ ಅವಳ ಕಾಲು ಆಗಲೇ ನೀರಿನ ಕಡೆ ತಿರುಗಿತ್ತು.

ಅಂಗೈ ಮುಟ್ಟಿ ನನ್ನ ಭಾರ ತೆಗೆದುಕೊಂಡೆ, ಈಗ ನಾನು ಕೂತೆ. ಪಾರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಟ್ಟಿ ಕಟ್ಟಿದೆ. ಅವಳು ನನ್ನ ಬೆರಳುಗಳ ಜೊತೆ ಆಡುತ್ತಿದ್ದಳು. ವೇಣಿ ಹಲಗೆ ಎತ್ತಿಕೊಂಡು, ಅರ್ಧ ಬಗ್ಗಿ, ಕೈ ಚಾಚಿದಳು. ನಾನು ಅಂಗೈ ಬಿಡಿಸಿದೆ. ಅದೇ ಗಳಿಗೆಯಲ್ಲಿ ಪಾರಿ ತನ್ನ ಪುಟ್ಟ ಅಂಗೈಯನ್ನು ನನ್ನ ಅಂಗೈ ಮೇಲೆ ಅಗಲಿಸಿ ಇಟ್ಟಳು. ವೇಣಿಯ ಕೈ ಎರಡರ ಮೇಲೂ ಬಂತು.

“ಇಟ್ಕೊಳ್ಳಿ,” ಎಂದಳು.

“ಇಟ್ಕೊಂಡೆ,” ಎಂದೆ. ಪಾರಿಯೂ ‘ಹ್ಞೂ’ ಎಂದೋ ಏನೋ ಕೂಗಿದಳು, ಇಬ್ಬರೂ ನಕ್ಕೆವು. ವೇಣಿ ಓಡಿದಳು. ಮರಳಿನ ಮೇಲೆ ಒಂದು ಗುರುತೂ ಮೂಡಲಿಲ್ಲ.

ಭಾರ ಬಂದದ್ದು ನನಗೆ ಗೊತ್ತಾಯಿತು, ಆದರೆ ತೊಡೆಗೆ ಮಾತ್ರ ಬಂತು. ಯಾವಾಗಲೂ ಅದು ಹೆಗಲಿಗೆ ಇಳಿದು, ಬೆನ್ನಿಗೆ ಇಳಿದು, ಎಲುಬಿನೊಳಗೆ ಹೊಗುತ್ತಿತ್ತು. ಹೆತ್ತ ಮೇಲೆ ಹೆಂಗಸರ ಭಾರ ಬೇರೆ ರೀತಿ ಇರಬಹುದೇನೋ, ಇದನ್ನು ಯಾರನ್ನಾದರೂ ಕೇಳಬೇಕು, ಕೇಳುವುದು ಸರಿಯೋ ಅಲ್ಲವೋ, ಎಂದೆಲ್ಲ ಯೋಚಿಸುತ್ತ ಕೂತೆ. ವೇಣಿ ಮೂರನೇ ಸಾಲು ದಾಟಿದ್ದಳು. ಒಂದು ಅಲೆ ಬಂತು, ಅವಳು ಎದ್ದು ನಿಂತಳು. ಎಷ್ಟೋ ದಿನಗಳಿಂದ ಮುಚ್ಚಿಟ್ಟ ಕಿಟಕಿ ತೆರೆದ ಹಾಗಾಯಿತು. ಸಾಲಿನವರು ಕೂಡ “ಓಹೋ” ಎಂದರು. ಅವಳು ಆ ಅಲೆಯ ತುದಿಯವರೆಗೆ ಬಂದು, ಮತ್ತೆ ತಿರುಗಿ ಒಳಕ್ಕೆ ಹೋದಳು. ನನ್ನ ಕಣ್ಣು ತುಂಬಿ ಬಂತು.

ತೊಡೆ ಮರಗಟ್ಟತೊಡಗಿತು. ಪಾರಿಯನ್ನು ಪಕ್ಕದ ಮರಳಿಗೆ ಇಳಿಸೋಣವೆಂದು ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದೆ. ಅವಳು ಮೇಲೇಳಲಿಲ್ಲ. ಮತ್ತೆ ಎತ್ತಿದೆ. ಬೇರು ಬಿಟ್ಟ ಮರದಂತೆ ಕೂತಿದ್ದಳು, ನನ್ನ ಮುಖ ನೋಡಿ ನಗುತ್ತಿದ್ದಳು. ಒಂದೊಂದೇ ಕಾಲನ್ನು ಅವಳ ಅಡಿಯಿಂದ ಎಳೆದುಕೊಂಡೆ, ಪಟ್ಟಿಯ ಗಂಟು ಬಿಚ್ಚಿದೆ, ಎದ್ದು ನಿಂತೆ.

ಎದ್ದು ನಿಂತ ಮೇಲೆ ನನಗೆ ಅರ್ಥವಾಯಿತು. ಭಾರ ಇಟ್ಟುಕೊಂಡವನು ಏಳಲಾರ. ನಾನು ಎದ್ದಿದ್ದೆ. ಪಾರಿ ಸೊಂಟದವರೆಗೆ ಮರಳಿನಲ್ಲಿ ಇಳಿದಿದ್ದಳು. ಆಡುತ್ತ ಅಂಗೈಯಿಂದ ಮರಳು ಬಡಿದರೆ, ಆ ಎಲೆಯಂಥ ಕೈಯ ಗುರುತು ದೊಡ್ಡವರ ಕೈಯ ಗುರುತಿನಷ್ಟು ಆಳಕ್ಕೆ ಹೋಗುತ್ತಿತ್ತು. ನಾನೂ ವೇಣಿಯೂ ಉಂಡದ್ದು ಒಂದೇ ಪಾತ್ರೆಯ ಅನ್ನ. ಆದರೆ ಈ ಕೂಸು ಕುಡಿದದ್ದು ಅವಳ ಮೈಯನ್ನೇ. ಕೈಗಳ ನಡುವೆ ಕೂಸಿನ ಕೈ ಇದ್ದರೆ ಭಾರ ಯಾರ ಕಡೆ ಹೋಗುತ್ತದೆಂದು ಈ ಊರಿನಲ್ಲಿ ಯಾರಿಗೂ ಯೋಚಿಸುವ ಪ್ರಸಂಗ ಬಂದಿರಲಿಲ್ಲ. ಹಾಲೂಡಿಸುವ ತಾಯಿ ಯಾರೂ ಇಳಿದೇ ಇರಲಿಲ್ಲವಲ್ಲ.

ನೀರು ತಿರುಗಿತ್ತು. ನೊರೆಯ ಅಂಚು ಛತ್ರಿಯ ಕೋಲನ್ನು ಮುಟ್ಟಿ ಹಿಂದೆ ಸರಿಯಿತು.

ನಾನು ಕೂಗಿದ್ದು ಯಾವ ಮಾತು ಎಂದು ನೆನಪಿಲ್ಲ. ವೇಣಿಯ ಕಡೆ ಎರಡೂ ಕೈ ಎತ್ತಿ ಬೀಸಿದೆ. ಅವಳಿಗೆ ಕಂಡಿತು. ಅವಳೂ ಕೈ ಎತ್ತಿ ಬೀಸಿದಳು! ಈ ದಂಡೆಯಲ್ಲಿ ಒಳ್ಳೆಯ ಅಲೆ ಹಿಡಿದವರಿಗೆ ಎಲ್ಲರೂ ಕೈ ಬೀಸುತ್ತಾರೆ. ನಾನು ಹೊಗಳುತ್ತಿದ್ದೇನೆ ಎಂದುಕೊಂಡು ಮತ್ತೊಂದು ಅಲೆಗೆ ಹೊರಟಳು. ಸಾಲಿನವರಿಗೆ ನನ್ನ ಕೂಗು ಕೇಳಿತ್ತು. ಆದರೆ ಅವರಲ್ಲಿ ಒಬ್ಬರೂ ಏಳುವಂತಿಲ್ಲ. ಈಜು ಬಲ್ಲವರೆಲ್ಲ ದೂರದಲ್ಲಿ ನೀರಿನ ಮೇಲೆ, ಅವರ ಭಾರವೆಲ್ಲ ಇವರ ಮೇಲೆ. ಕೂತಲ್ಲಿಂದಲೇ ಬಾಯಲ್ಲಿ ಓಡುತ್ತಿದ್ದರು.

“ಎಳೀಬೇಡಿ! ಕೂಸನ್ನ ಎಳೀಬೇಡಿ! ಎಳೆ ಮೂಳೆ!” ಎಂದು ಒಬ್ಬಳು.

“ಚಾಪೆ ತಕ್ಕೊಂಡೋಗಿ! ಇಗಾ, ನನ್ನ ಚಾಪೆ! ಕೆಳಗಿಂದ ಎಳ್ಕೊಳ್ಳಿ, ನಾ ಮರಳಲ್ಲೇ ಕೂರ್ತೆ!” ಎಂದು ಇನ್ನೊಬ್ಬಳು.

ಹಮೀದಣ್ಣ ಕೆಟಲು ಎಸೆದು ಓಡಿ ಬಂದ. ದಂಡೆಯಲ್ಲಿ ಆಡುತ್ತಿದ್ದ ಮಕ್ಕಳು ಚಾಪೆ, ಛತ್ರಿ, ಅವರೆಕಾಯಿಯ ಬುಟ್ಟಿ ಹೊತ್ತು ತಂದರು. ಹಮೀದಣ್ಣ ಮಂಡಿಯೂರಿ ಕೈಯಿಂದಲೇ ಮರಳು ಬಾಚಿ ಪಾರಿಯ ಸುತ್ತ ಒಡ್ಡು ಕಟ್ಟತೊಡಗಿದ. “ಕಟ್ಟಿ ಮಕ್ಕಳೇ, ಎತ್ತರಕ್ಕೆ ಕಟ್ಟಿ! ದಯಾನಂದಣ್ಣಾ, ನೀವು ನಿಂತು ಎಂತ ಕಾಣ್ತೀರಿ? ಅವ್ರನ್ನ ಕರ್ಕೊಂಡು ಬನ್ನಿ!” ಎಂದು ನನ್ನನ್ನು ಗದರಿದ. ಒಡ್ಡು ಏರಿದಷ್ಟೂ ಒಂದು ಅಲೆ ಬಂದು ಅರ್ಧ ನೆಕ್ಕಿ ಹೋಗುತ್ತಿತ್ತು.

ಕರೆದುಕೊಂಡು ಬರಬೇಕಾದವನು ನಾನೇ. ಆದರೆ ನನ್ನ ಭಾರ? ಭಾರ ಹೊತ್ತು ಇಳಿದರೆ ಮೊದಲ ಸಾಲಿನ ಅಲೆಯೇ ಮುಳುಗಿಸುತ್ತದೆ. ನಮ್ಮ ಪಾತ್ರೆಯಲ್ಲಿ ಉಂಡವರು ಇಬ್ಬರೇ, ಒಬ್ಬಳು ಕಡಲಲ್ಲಿ, ಇನ್ನೊಬ್ಬ ನಾನೇ. ವೇಣಿಯ ತಾಯಿ ಇದ್ದಿದ್ದರೆ ಎನಿಸಿತು, ಅವರು ತೀರಿಹೋಗಿ ವರ್ಷಗಳಾಗಿದ್ದವು. ಆಗ ಹಿಂದಿನಿಂದ ದಡ್ ದಡ್ ಎಂಬ ಹೆಜ್ಜೆಯ ಸದ್ದು ಕೇಳಿತು. ಮಂಕಾಳಜ್ಜಿ ಕೋಲೂರಿಕೊಂಡು, ಏದುಸಿರು ಬಿಡುತ್ತ, ಗುಳಿಯಿಂದ ಗುಳಿಗೆ ಕಾಲಿಡುತ್ತ ಬರುತ್ತಿದ್ದಳು. ಅವಳು ಅಷ್ಟು ಕೆಳಕ್ಕೆ, ನೀರಿನ ಹತ್ತಿರಕ್ಕೆ ಬಂದದ್ದನ್ನು ಯಾರೂ ನೋಡಿದ್ದಿಲ್ಲ.

ಬಂದವಳು ಸೆರಗಿನ ಗಂಟು ಬಿಚ್ಚಿ ಬೇಯಿಸಿದ ಗೆಣಸೊಂದನ್ನು ತೆಗೆದಳು. ಒಂದು ತುಂಡು ತಾನು ಕಚ್ಚಿ, ಉಳಿದದ್ದನ್ನು ನನ್ನ ಬಾಯಿಗೆ ತುರುಕಿದಳು.

“ಜಗಿ.”

“ಅಜ್ಜೀ...”

“ಮಾತಾಡ್ಬೇಡ, ನುಂಗು. ಗಂಟಲಿಗೆ ಸಿಕ್ಕಿಸ್ಕೊಂಡು ಸಾಯ್ಬೇಡ ಮತ್ತೆ.”

ಸಿಪ್ಪೆಯ ಸಮೇತ ನುಂಗಿದೆ. ಅವಳು ಮೊದಲು ಒಡ್ಡಿನ ಆಚೆಗೆ ಹೋದಳು. ಪಾರಿಗೂ ಕಡಲಿಗೂ ನಡುವೆ, ಪಾರಿಯ ಕಡೆ ಮುಖ ಮಾಡಿ, ಕಡಲಿಗೆ ಬೆನ್ನು ಕೊಟ್ಟು, ಕೋಲನ್ನು ಪಕ್ಕಕ್ಕೆ ಹಾಕಿ ಕೂತಳು. ಆಮೇಲೆ ಅಂಗೈ ಚಾಚಿದಳು. ಏನು ಮಾಡುತ್ತಿದ್ದಾಳೆಂದು ಆಗ ನನಗೆ ತಿಳಿಯಿತು. ಮೈಮೇಲೆ ಆಗಲೇ ಒಂದು ಭಾರ ಇದ್ದವಳು. ಅದರ ಮೇಲೆ ನನ್ನದೂ ಬಿದ್ದರೆ ಅವಳಿಗೆ ಅಲ್ಲಿಂದ ಏಳಲಾಗುವುದಿಲ್ಲ. ನಾನು ಬಾರದಿದ್ದರೆ ನೀರು ಇಬ್ಬರ ಮೇಲೂ ಏರುತ್ತದೆ.

“ಅಜ್ಜೀ, ಮೇಲೆ ಕೂತ್ಕೊಳ್ಳಿ. ಇಲ್ಲಿ ಬೇಡ.”

“ಈ ದಂಡೆ ಮೇಲೆ ನನ್ನಷ್ಟು ಭಾರದ ಗೋಡೆ ಇನ್ಯಾವುದುಂಟಾ? ನೀರು ಬರುದಾದ್ರೆ ನನ್ನ ದಾಟಿ ಬರ್ಲಿ. ಕೊಡು ಬೇಗ. ಈ ಕೂಸು ತಾಯಿ ಭಾರ ಹೊತ್ಕೊಂಡೇ ದೊಡ್ಡದಾಗುದು ಬೇಡ. ಅದೆಂತದು ಅಂತ ನಂಗೆ ಗೊತ್ತುಂಟು.”

ಅಂಗೈ ಮೇಲೆ ಅಂಗೈ ಇಟ್ಟೆ. ಅವಳು “ಇಟ್ಕೊಂಡೆ” ಎಂದ ಕೂಡಲೇ ಅವಳ ಸುತ್ತಲಿನ ಒದ್ದೆ ಮರಳು ಬುಸ್ಸೆಂದು ಕುಸಿಯಿತು. ಸೊಂಟ ಮುಳುಗಿತು. ಮುಖದಲ್ಲಿ ನೋವೋ ಏನೋ ಒಂದು ಹಾದುಹೋಯಿತು. “ಹಿಂದೆ ತಿರುಗಿ ಕಂಡೆಯೋ, ಬಂದ ಮೇಲೆ ಕೋಲಲ್ಲಿ ಬಡೀತೆ,” ಎಂದಳು.

ನಾನು ತಿರುಗಿ ನೋಡಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ನಾನು ಮಾಡಿಲ್ಲ. ಹಲಗೆಯ ಮೇಲೆ ಬೋರಲು ಬಿದ್ದು ಎರಡೂ ಕೈಯಲ್ಲಿ ನೀರು ಬಾಚುತ್ತ ಹೋದೆ. ಮೊದಲ ಸಾಲು ಮುಖಕ್ಕೆ ಹೊಡೆಯಿತು. ಎರಡನೆಯದು ಹಲಗೆಯ ಸಮೇತ ತಿರುಗಿಸಿ ಹಾಕಿತು, ಮತ್ತೆ ಹಲಗೆ ಹಿಡಿದೆ. ಕಾರ್ಖಾನೆಯ ಕೆಲಸ, ತರಗತಿ, ಗಂಟು ಸಡಿಲವೋ ಬಿಗಿಯೋ ಎಂಬ ಯೋಚನೆ, ಯಾವುದೂ ತಲೆಯಲ್ಲಿರಲಿಲ್ಲ. ಮುಂದಿನ ನೀರು ಮಾತ್ರ ಇತ್ತು.

ಮೂರನೇ ಸಾಲಿನ ಆಚೆ, ಕಡಲು ಉಸಿರೆಳೆದುಕೊಳ್ಳುವ ಕಡೆ, ವೇಣಿ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ನನ್ನನ್ನು ಕಂಡಳು. ಆ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಮದುವೆಯ ಮೊದಲು ನೋಡಿದ್ದೆನಲ್ಲ, ಅದೇ ಮುಖ.

“ನೀವೂ ಬಂದ್ರಾ! ಕಾಣಿ, ಇವತ್ತು ಎಷ್ಟು ಚೆಂದ ಉಂಟು ಕಾಣಿ!” ಎಂದಳು. ಕೂಸು ಹುಟ್ಟಿದ ಮೇಲೆ ನಾವಿಬ್ಬರೂ ಒಟ್ಟಿಗೆ ನೀರಿನಲ್ಲಿದ್ದುದು ಅದೇ ಮೊದಲು. ಅವಳಿಗೆ ಅದಷ್ಟೇ ಹೊಳೆದಿತ್ತು. ಆಮೇಲೆ ನಗು ನಿಂತಿತು. “ಪಾರಿ ಯಾರ ಹತ್ರ?”

“ನಿನ್ನ ಭಾರ ಪಾರಿ ಹತ್ರ ಹೋಗಿದೆ. ನನಗೆ ಬರಲಿಲ್ಲ. ಅವಳ ಕೈ ನಡುವೆ ಇತ್ತು. ನೀರು ಏರ್ತಾ ಇದೆ.”

ಕೂಗುತ್ತಾಳೆ, ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಹಲಗೆ ತಿರುಗಿಸಿ, ಬೋರಲು ಬಿದ್ದು, ತಲೆ ಹೊರಳಿಸಿ ಹಿಂದಿನ ಕಡಲನ್ನು ನೋಡತೊಡಗಿದಳು. ಒಂದು ಅಲೆ ಬಂತು, ಬಿಟ್ಟಳು.

“ಹೋಗು ವೇಣೀ! ಯಾಕೆ ಬಿಟ್ಟೆ?”

“ಸುಮ್ನಿರಿ. ಸಣ್ಣದು. ಅರ್ಧದಲ್ಲಿ ಬಿಟ್ಹಾಕ್ತದೆ.”

ಇನ್ನೊಂದು ಬಂತು, ಅದನ್ನೂ ಬಿಟ್ಟಳು. ನಾನು ಅವಳ ಹಲಗೆಯನ್ನು ಕೈಯಿಂದ ತಳ್ಳಿದೆ. “ಮುಟ್ಬೇಡಿ!” ಎಂದಳು. ಅಷ್ಟು ಗಟ್ಟಿಯಾಗಿ ಅವಳು ನನ್ನೊಡನೆ ಮಾತಾಡಿದ್ದು ಅದೊಂದೇ ಸಲ. ಅವಳ ಕಣ್ಣು ಹಿಂದಿನ ನೀರಿನ ಮೇಲೇ ಇತ್ತು. ಆಮೇಲೆ ದೂರದಲ್ಲಿ ನೀರು ಕಪ್ಪಾಗಿ ಬೆನ್ನೆತ್ತಿತು. ಅವಳು ಎರಡು ಸಲ ಬಾಚಿದಳು. ಅದು ನಮ್ಮನ್ನು ಎತ್ತಿಕೊಂಡಿತು, ನನ್ನನ್ನು ಇಳಿಸಿತು, ಅವಳನ್ನು ಇಳಿಸಲಿಲ್ಲ. ಎದ್ದು ನಿಂತದ್ದು ಕಂಡಿತು. ಅಲೆಯ ಬೆನ್ನು ಅವಳನ್ನು ಮರೆಮಾಡಿತು. ಅಲ್ಲಿಂದ ಮುಂದೆ ನನಗೆ ಕಂಡದ್ದು ದೂರ ಸರಿಯುವ ನೀರು ಮಾತ್ರ.

ನಾನು ಹೇಗೆ ದಡಕ್ಕೆ ಬಂದೆ ಎಂಬುದು ಹೇಳುವಷ್ಟು ಚೆಂದದ್ದೇನೂ ಅಲ್ಲ. ಉರುಳಿಕೊಂಡು ಬಂದೆ, ಬಾಯಿ ತುಂಬ ಮರಳು. ತಲೆ ಎತ್ತಿದಾಗ ಮೊದಲು ಕಂಡದ್ದು ತೇಲುತ್ತಿದ್ದ ಚಾಪೆಗಳು, ಮುರಿದ ಛತ್ರಿ, ನೊರೆಯ ತುಂಬ ಅವರೆಕಾಯಿ. ಒಡ್ಡು ಇರಲಿಲ್ಲ. ಮಂಕಾಳಜ್ಜಿ ಇದ್ದಳು. ಎದೆಯವರೆಗೆ ನೀರಿನಲ್ಲಿ, ಕಡಲಿಗೆ ಬೆನ್ನು ಕೊಟ್ಟು, ಕೂತ ಹಾಗೆಯೇ ಕೂತಿದ್ದಳು. ಅಲೆ ಬಂದು ಅವಳ ಬೆನ್ನಿಗೆ ಒಡೆದು ಎರಡು ಪಾಲಾಗಿ ಆಚೀಚೆ ಹೋಗುತ್ತಿತ್ತು. ಅವಳ ಎದುರು ವೇಣಿ ಮಂಡಿಯೂರಿದ್ದಳು. ಅವಳ ತೋಳಿನಲ್ಲಿ ಪಾರಿ ಇದ್ದಳು, ಮೇಲೆ, ಹೆಗಲಿನ ಎತ್ತರಕ್ಕೆ, ಎಲ್ಲ ಕೂಸುಗಳಂತೆ ಹಗುರಾಗಿ. ಹೊಟ್ಟೆಯವರೆಗೆ ಒದ್ದೆ, ತಲೆಗೂದಲು ಒಣಗಿಯೇ ಇತ್ತು.

ಮೇಲಿನ ಸಾಲಿನವರು ಅಳುತ್ತಿದ್ದರು, ಕೂಗುತ್ತಿದ್ದರು, ಒಬ್ಬರ ಚಾಪೆ ಒಬ್ಬರು ಕೇಳುತ್ತಿದ್ದರು. ಹಮೀದಣ್ಣ ನೀರಿನಲ್ಲಿ ಕೂತು ಸುಮ್ಮನೆ ಉಸಿರು ಬಿಡುತ್ತಿದ್ದ. ನಾನು ತೆವಳಿಕೊಂಡೇ ಹೋಗಿ ಅಜ್ಜಿಯ ಅಂಗೈ ಮುಟ್ಟಿದೆ. ನನ್ನ ಭಾರ ಬಂದು ನನ್ನೊಳಗೆ ಕೂತಿತು. ಇಷ್ಟು ದಿನ ಅದು ನನ್ನದೇ ಎಂದು ಯೋಚಿಸಿದವನಲ್ಲ ನಾನು.

“ತಕ್ಕೊಂಡೆಯಾ? ಎಲ್ಲ ತಕ್ಕೊ, ಎಂತದೂ ಬಿಡ್ಬೇಡ,” ಎಂದಳು ಅಜ್ಜಿ. ಹಲ್ಲು ಕಟಕಟ ಎನ್ನುತ್ತಿತ್ತು. “ನಿನ್ನ ಮೈ ಇದ್ದದ್ದು ಕಾಲು ಪಾಲು. ಉಳಿದದ್ದೆಲ್ಲ ಹೆದರಿಕೆ. ಅದನ್ನ ಹೊತ್ಕೊಂಡು ದಿನಾ ಹೆಂಗೆ ತಿರುಗ್ತೆಯೋ ಮಾರಾಯಾ.”

ಪಾರಿಯನ್ನು ಹಮೀದಣ್ಣನ ಕೈಗೆ ಕೊಟ್ಟು, ನಾವಿಬ್ಬರೂ ಎರಡು ಕಡೆ ಹಿಡಿದು ಅವಳನ್ನು ಎಬ್ಬಿಸಿದೆವು. ಸುಲಭವಿರಲಿಲ್ಲ, ಅವಳ ಗಂಡನ ಭಾರ ಇತ್ತಲ್ಲ. ವೇಣಿ ಅವಳ ಕಾಲು ಹಿಡಿಯಲು ಬಗ್ಗಿದಳು. “ಏ, ಏಳು. ಕೂಸು ಒದ್ದೆಯಾಗಿದೆ. ಮೊದ್ಲು ಹಾಲು ಕುಡ್ಸು,” ಎಂದಳು ಅಜ್ಜಿ. ವೇಣಿ ಮೇಲೆ ಒಣಮರಳಿಗೆ ಬಂದು, ಸಾಲಿನ ಪಕ್ಕ ಕೂತು ಸೆರಗು ಮರೆಮಾಡಿ ಕುಡಿಸಿದಳು. ಸಾಲಿಗೆ ಸಾಲೇ ಉಸಿರು ಬಿಗಿಹಿಡಿದು ನೋಡಿತು. ಪಾರಿ ಮುಖ ಕಿವುಚಲಿಲ್ಲ. ಹೊಟ್ಟೆ ತುಂಬ ಕುಡಿದು ನಿದ್ದೆ ಹೋದಳು. “ಉಪ್ಪಾಗ್ಲಿಲ್ಲ,” ಎಂದು ಯಾರೋ ಮೆಲ್ಲನೆ ಹೇಳಿದರು. ಆ ಮಾತನ್ನು ಆಮೇಲೆ ಈ ಊರಿನಲ್ಲಿ ಯಾರೂ ಎತ್ತಿಲ್ಲ.

ಆ ರಾತ್ರಿ ವೇಣಿ ಹಲಗೆಯನ್ನು ಅಟ್ಟಕ್ಕೆ ಹಾಕಿದಳು. ಇನ್ನು ಇಳಿಯುವುದಿಲ್ಲ ಎಂದಳು. ಇಳಿ ಎನ್ನಲು ನನಗೇನು ಮುಖ? ಆದರೆ ಮುಂದಿನ ಭಾನುವಾರ ನಮ್ಮ ಮನೆಯ ಮೆಟ್ಟಿಲಿನ ಮೇಲೆ ದಡ್ ದಡ್ ಎಂದು ಸದ್ದಾಯಿತು. ಮಂಕಾಳಜ್ಜಿ ಗಂಜಿಯ ತಪ್ಪಲೆ ಹಿಡಿದು ನಿಂತಿದ್ದಳು. ಅವಳು ಕೂತರೆ ನಮ್ಮ ಮಣೆ ಮುರಿಯಿತು, ನೆಲದ ಮೇಲೇ ಕೂತಳು.

“ಒಂದೊಂದು ಲೋಟ ಕುಡೀರಿ ಇಬ್ರೂ. ಆಮೇಲೆ ಹಲಗೆ ಇಳ್ಸಿ.”

“ಬೇಡ ಅಜ್ಜೀ, ನಂಗೆ ಧೈರ್ಯ ಇಲ್ಲ,” ಎಂದಳು ವೇಣಿ.

“ಧೈರ್ಯ ಯಾರಿಗುಂಟು? ಇವ್ನಿಗುಂಟಾ?” ಎಂದು ನನ್ನನ್ನು ತೋರಿಸಿದಳು. “ಒಬ್ರು ಹೋಗಿ ಒಬ್ರು ಬರುದು ಎಂತ ಚೆಂದ? ಗಂಡ ಹೆಂಡ್ತಿ ಒಟ್ಟಿಗೆ ಹೋಗಿ, ಒಟ್ಟಿಗೆ ಬನ್ನಿ. ಬರುದು ಮಾತ್ರ ಮರೀಬೇಡಿ. ಒಂದು ಹೊತ್ತವ್ಳಿಗೆ ಇನ್ನೆರಡು ಎಂತ ಹೆಚ್ಚು? ಕೂಸನ್ನ ಹಮೀದ ಎತ್ತಿಕೊಳ್ತಾನೆ, ಕೈ ಖಾಲಿ ಉಂಟು ಅವ್ನದ್ದು.”

ಹಾಗೆ ನಾವು ಅಜ್ಜಿಯ ಗಂಜಿ ಕುಡಿದು ಕಡಲಿಗೆ ಇಳಿದೆವು. ಅವತ್ತಿನಿಂದ ಪ್ರತಿ ಭಾನುವಾರ ಇಳಿಯುತ್ತಿದ್ದೇವೆ. ಈಗ ಒಣಮರಳಿನ ಮೇಲೆ, ಸಾಲಿನ ನಡುವೆಯೇ, ಅಜ್ಜಿ ನಮ್ಮಿಬ್ಬರ ಭಾರ ಇಟ್ಟುಕೊಂಡು ಎಲ್ಲರನ್ನೂ ಬೈಯುತ್ತ ಕೂರುತ್ತಾಳೆ. ಹಾಲೂಡಿಸುವ ತಾಯಂದಿರು ಬೇರೆಯವರೂ ಇಳಿಯತೊಡಗಿದ್ದಾರೆ. ಭಾರ ಕೊಡುವಾಗ ಕೂಸುಗಳನ್ನು ದೂರ, ಹಮೀದಣ್ಣನ ಹತ್ತಿರ ಕಳಿಸುತ್ತಾರೆ. ಅವನ ಚಹಾ ತಣ್ಣಗಾಗುತ್ತದೆಂದು ಯಾರೂ ದೂರುವುದಿಲ್ಲ.

ನಾನು ಈಗಲೂ ಬೀಳುವವನ ಹಾಗೆಯೇ ನಿಲ್ಲುತ್ತೇನೆ. ಆದರೆ ಮೂರನೇ ಸಾಲಿನ ಆಚೆ, ನಾನೂ ವೇಣಿಯೂ ಅಕ್ಕಪಕ್ಕ ಕಾಲು ಇಳಿಬಿಟ್ಟು ಕೂತಿರುವಾಗ, ದಡದಲ್ಲಿ ನಮ್ಮನ್ನು ಹೊತ್ತು ಕೂತವಳೊಬ್ಬಳಿದ್ದಾಳೆ ಎಂದು ನೆನೆದು, ಯಾರಿಗೆಂದು ತಿಳಿಯದೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಪಾರಿ ಈಗ ಶಾಲೆಗೆ ಹೋಗುತ್ತಾಳೆ. ಅವಳಿಗೆ ಆ ದಿನದ್ದು ಏನೂ ನೆನಪಿಲ್ಲ. ಅಮ್ಮ ಭಾರ ಇದ್ದಳಾ ಎಂದು ಕೇಳಿದರೆ ನಗುತ್ತಾಳೆ. ಹಮೀದಣ್ಣ ಒಂದು ಮಾತು ಹೇಳಿದ್ದಾನೆ. ನೀರು ಒಡ್ಡು ಒಡೆದು ಪಾರಿಯ ಹೊಟ್ಟೆಗೆ ಬಂದಾಗ ಅವಳು ಮೊದಲ ಸಲ ಅಳಲು ಬಾಯಿ ತೆರೆದಳಂತೆ. ಅಜ್ಜಿ ಮುಂದಕ್ಕೆ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದಳಂತೆ, ಅಲೆಗಳು ಬೆನ್ನಿಗೆ ಬಡಿಯುತ್ತಿದ್ದರೂ ಹೇಳುತ್ತಲೇ ಇದ್ದಳಂತೆ. ಪಾರಿ ಅಳು ನುಂಗಿ, ಅವಳ ಬಾಯನ್ನೇ ನೋಡುತ್ತ, ವೇಣಿ ಬರುವವರೆಗೂ ನಗುತ್ತಿದ್ದಳಂತೆ. ಏನು ಹೇಳಿದಿರಿ ಎಂದು ನಾನು ಅಜ್ಜಿಯನ್ನು ಎಷ್ಟೋ ಸಲ ಕೇಳಿದ್ದೇನೆ. “ಅದು ನಂಗೂ ಅವ್ಳಿಗೂ ಇದ್ದದ್ದು,” ಎನ್ನುತ್ತಾಳೆ. ಅದು ಏನೆಂದು ನನಗೆ ಗೊತ್ತಿಲ್ಲ.